ಸೋಲನ್ನು ಮೊದಲೇ ಬರೆದಿಟ್ಟ ಅಡ್ಮಿರಲ್

ಯುದ್ಧದ ಇತಿಹಾಸ ಓದುವಾಗ ನನ್ನ ಕಣ್ಣು ಫಿರಂಗಿಗಳಿಗಿಂತ ಹೆಚ್ಚಾಗಿ ಕಾಗದಪತ್ರಗಳ ಕಡೆಗೇ ಹೋಗುತ್ತದೆ. ಸಂಶೋಧನಾ ವಿದ್ಯಾರ್ಥಿಯ ಚಟ ಎನ್ನಿ. ಹಾಗೆ ಕೈಗೆ ಸಿಕ್ಕಿದ್ದು ಸ್ಪೇನಿನ ಅಡ್ಮಿರಲ್ ಪಾಸ್ಕುವಾಲ್ ಸೆರ್ವೇರಾನ ಪತ್ರಗಳು. 1898ರಲ್ಲಿ ಕ್ಯೂಬಾದ ತೀರದಲ್ಲಿ ತನ್ನ ಇಡೀ ಹಡಗುಪಡೆಯನ್ನು ಕೆಲವೇ ಗಂಟೆಗಳಲ್ಲಿ ಕಳೆದುಕೊಂಡವನು ಈತ. ಆ ಸೋಲನ್ನು ಆತ ತಿಂಗಳುಗಳ ಮುಂಚೆಯೇ ಬರೆದಿಟ್ಟಿದ್ದ.

ಸೆರ್ವೇರಾ ಹುಟ್ಟಿದ್ದು 1839ರಲ್ಲಿ, ಕಾದಿಸ್ ಪ್ರಾಂತ್ಯದ ಮೆದಿನಾ ಸಿದೋನಿಯಾದಲ್ಲಿ. 1892ರ ಕೊನೆಗೆ ನೌಕಾಖಾತೆಯ ಮಂತ್ರಿಯಾಗಿ, ಕೆಲವೇ ತಿಂಗಳಲ್ಲಿ ಹೊರಬಂದ. ಹಾಗಾಗಿ ಬೊಕ್ಕಸದ ಸ್ಥಿತಿ, ಹಡಗುಗಳ ಸ್ಥಿತಿ ಎರಡೂ ಅವನಿಗೆ ಗೊತ್ತಿತ್ತು. ಅಮೆರಿಕದ ಜೊತೆ ಯುದ್ಧದ ಮೋಡ ಕವಿದಾಗ ಮಂತ್ರಿ ಬೆರ್ಮೆಹೋಗೆ ಮೇಲಿಂದ ಮೇಲೆ ಪತ್ರ ಬರೆದ. ಅವುಗಳಲ್ಲಿ ವೀರಾವೇಶವಿಲ್ಲ, ಬರೀ ಲೆಕ್ಕ. ಯಾವ ಹಡಗಿಗೆ ಫಿರಂಗಿ ಬಂದಿಲ್ಲ, ಯಾವುದರ ಕೆಲಸ ಮುಗಿದಿಲ್ಲ, ಎಲ್ಲಿ ಕಲ್ಲಿದ್ದಲು ಸಾಲದು. ಪಡೆಯ ಅತ್ಯುತ್ತಮ ಹಡಗು 'ಕ್ರಿಸ್ತೋಬಾಲ್ ಕೊಲೋನ್' ತನ್ನ ಮುಖ್ಯ ಫಿರಂಗಿಗಳೇ ಇಲ್ಲದೆ ಯುದ್ಧಕ್ಕೆ ಹೋಯಿತು! 'ವಿಸ್ಕಾಯಾ'ದ ತಳಕ್ಕೆ ಪಾಚಿ, ಚಿಪ್ಪು ಮೆತ್ತಿಕೊಂಡು ವೇಗವೇ ಬಿದ್ದುಹೋಗಿತ್ತು. ನಾವು ಗಾಳಿಗಿರಣಿಗಳ ಮೇಲೆ ಏರಿಹೋದ ದೋನ್ ಕಿಹೋತೆಯಂತಾಗುತ್ತೇವೆ ಎಂಬರ್ಥದ ಮಾತೂ ಒಂದು ಪತ್ರದಲ್ಲಿದೆ.

ಮ್ಯಾಡ್ರಿಡ್ ಕೇಳಲಿಲ್ಲ. ಏಪ್ರಿಲ್ 29ರಂದು ಕೇಪ್ ವರ್ಡ್ ಬಿಟ್ಟ ಪಡೆ ಮೇ 19ರಂದು ಸಾಂತಿಯಾಗೊ ಬಂದರು ಸೇರಿತು. ಹೊರಗೆ ಅಮೆರಿಕದ ಹಡಗುಗಳು ಕಾವಲು ನಿಂತವು. ಜೂನ್ 3ರಂದು ಬಂದರಿನ ಬಾಯಿ ಮುಚ್ಚಲು ಅಮೆರಿಕನ್ನರು ಅಲ್ಲಿ ಒಂದು ಹಡಗನ್ನು ಮುಳುಗಿಸಲು ನೋಡಿದರು. ಆ ಕೆಲಸಕ್ಕೆ ಬಂದು ನೀರಲ್ಲಿ ಸಿಕ್ಕಿಕೊಂಡ ಹಾಬ್ಸನ್ ಮತ್ತು ಸಂಗಡಿಗರನ್ನು ಮೇಲೆತ್ತಿಕೊಂಡವನು ಖುದ್ದು ಸೆರ್ವೇರಾ. ಅವರು ಕ್ಷೇಮವಾಗಿದ್ದಾರೆಂದು ಶತ್ರುವಿಗೆ ಬಿಳಿಬಾವುಟದಡಿ ಹೇಳಿಕಳಿಸಿದ. ಅಮೆರಿಕನ್ನರು ಇದನ್ನು ಮರೆಯಲಿಲ್ಲ.

ಜುಲೈ ಹೊತ್ತಿಗೆ ಊರೇ ಬೀಳುವಂತಿತ್ತು. ಹಡಗುಗಳು ಹೊರಬರಲೇಬೇಕು ಎಂದು ಹವಾನಾದಿಂದ ಗವರ್ನರ್ ಜನರಲ್ ಬ್ಲಾಂಕೊನ ಆಜ್ಞೆ. ಈ ವ್ಯರ್ಥ ಮಾರಣಹೋಮಕ್ಕೆ ತಾನಾಗಿ ಎಂದೂ ಅಪ್ಪಣೆ ಕೊಡೆನೆಂದೂ, ಆಜ್ಞೆ ಬಂದರೆ ಪಾಲಿಸುವೆನೆಂದೂ ಸೆರ್ವೇರಾ ಮೊದಲೇ ಬರೆದು ತಿಳಿಸಿದ್ದ. ಜುಲೈ 3, ಭಾನುವಾರ ಬೆಳಿಗ್ಗೆ ಸುಮಾರು ಒಂಬತ್ತೂವರೆಗೆ ಇಕ್ಕಟ್ಟಾದ ಕಾಲುವೆಯಿಂದ ಹಡಗುಗಳು ಒಂದರ ಹಿಂದೊಂದು ಹೊರಬಂದವು. ಮೊದಲು ಬಂದದ್ದು ಅವನಿದ್ದ 'ಇನ್ಫಾಂತಾ ಮರಿಯಾ ತೆರೇಸಾ'. ಹಿಂದಿನವರಿಗೆ ದಾರಿಯಾಗಲೆಂದು ಅದು ನೇರ ಶತ್ರುವಿನತ್ತ ನುಗ್ಗಿತು. ಮರದ ಡೆಕ್ಕುಗಳಿಗೆ ಬೆಂಕಿ ಹತ್ತಿತು. ಮಧ್ಯಾಹ್ನ ಒಂದೂಕಾಲರ ಸುಮಾರಿಗೆ 'ಕೊಲೋನ್' ದಡಕ್ಕೆ ನುಗ್ಗಿ ನಿಂತಿತು, ಅಲ್ಲಿಗೆ ಎಲ್ಲ ಮುಗಿಯಿತು. ಸ್ಪೇನಿನ ಕಡೆ 300ಕ್ಕೂ ಹೆಚ್ಚು ಸಾವು, ಅಮೆರಿಕದ ಕಡೆ ಒಂದು.

ಸೆರೆಯಾಗಿ ಅನಾಪೊಲಿಸ್‌ನಲ್ಲಿದ್ದಾಗ ಅಮೆರಿಕನ್ನರು ಅವನನ್ನು ಗೌರವದಿಂದಲೇ ನಡೆಸಿಕೊಂಡರು. ವಿಚಾರಣೆ ಕಾದಿದ್ದದ್ದು ತಾಯ್ನಾಡಿನಲ್ಲಿ. 1899ರಲ್ಲಿ ಆರೋಪಮುಕ್ತನಾದ. ಅದೇ ವರ್ಷ ಆ ಪತ್ರ, ತಂತಿಗಳನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದ. ಅಮೆರಿಕದ ನೌಕಾಪಡೆ ಅದನ್ನು ಇಂಗ್ಲಿಷಿಗೆ ತಂದಿತು. ನಾನು ಓದಿದ್ದು ಅದನ್ನೇ.

1909ರಲ್ಲಿ ತೀರಿಕೊಂಡ ಸೆರ್ವೇರಾನ ಹೆಸರು ಮುಂದೆ ಒಂದು ಯುದ್ಧನೌಕೆಗೆ ಬಂತು. ಅಂತರ್ಯುದ್ಧದಲ್ಲಿ ಅದು ಫ್ರಾಂಕೊ ಪಕ್ಷದಲ್ಲಿತ್ತು. 2018ರಲ್ಲಿ ಬಾರ್ಸಿಲೋನಾದ ಬೀದಿಯೊಂದರಿಂದ ಅಡ್ಮಿರಲ್ಲನ ಹೆಸರನ್ನು ತೆಗೆದಾಗ ಮೇಯರ್ ಅವನನ್ನು ಫ್ಯಾಸಿಸ್ಟ್ ಎಂದರು. ಫ್ಯಾಸಿಸಂ ಹುಟ್ಟುವ ಮೊದಲೇ ಸತ್ತವನು ಪಾಪ!

ಆದರೂ ಅವನ ಬಗ್ಗೆ ನನ್ನ ತಕರಾರು ಬೇರೆಯೇ ಇದೆ. ಮೊದಲ ಓದಿಗೆ ಆತ ನನಗೆ ದುರಂತನಾಯಕನಂತೆ ಕಂಡ. ಎರಡನೆಯ ಓದಿಗೆ ಕಸಿವಿಸಿಯಾಯಿತು. ಪತ್ರಗಳು ಅವನನ್ನು ಉಳಿಸಿದವು. ಹಡಗಿನ ಕೆಳಗೆ ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದವನಿಗೆ ಅಂಥ ಪತ್ರ ಬರೆದಿಡುವ ಅವಕಾಶ ಎಲ್ಲಿತ್ತು? ರಾಜೀನಾಮೆ ಕೊಟ್ಟಿದ್ದರೆ ಬೇರೊಬ್ಬ ಅಡ್ಮಿರಲ್ ಅದೇ ಹಡಗು ಹತ್ತುತ್ತಿದ್ದ, ನಿಜ. ಬಹುಶಃ ಅವನು ಮೊದಲ ಹಡಗಿನಲ್ಲಿ ಹೊರಡುತ್ತಿರಲಿಲ್ಲ, ಅದೂ ನಿಜ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಎರಡು ವಾಕ್ಯಗಳ ಮುಂದೆ ಇನ್ನೂ ಪ್ರಶ್ನಾರ್ಥಕ ಚಿಹ್ನೆಯೇ ಇದೆ.