ತಾಡಪತ್ರದ ಮಾಸಿದ ಅಕ್ಷರ ಮತ್ತು ಪ್ರಯೋಗಶಾಲೆ

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿರುವ ಗಳಗೇಶ್ವರ ದೇವಾಲಯದ ಬಳಿ ಕ್ರಿ.ಶ. 1080ರ ಶಿಲಾಶಾಸನವಿದೆ. ಕಲ್ಲು ತನ್ನ ಕಾಲವನ್ನು ತಾನೇ ಸಾರುತ್ತದೆ. ಅದಕ್ಕಿಂತ ಕೆಲವು ದಶಕಗಳ ಈಚೆಗೆ, ಹನ್ನೆರಡನೆಯ ಶತಮಾನದಲ್ಲಿ, ಗರಿಗಳ ಮೇಲೆ ಮಸಿಯಿಂದ ಹಳಗನ್ನಡ ಲಿಪಿಯಲ್ಲಿ ಬರೆದ ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ಪ್ರತಿಗಳಿಗೆ ಕಲ್ಲಿನ ಬಾಳಿಕೆಯಿಲ್ಲ. ಗರಿ ಕಪ್ಪಾದರೆ, ಮಸಿ ಉದುರಿದರೆ ಪಾಠವೇ ಸಂದಿಗ್ಧವಾಗುತ್ತದೆ.

ಗರಿಯ ಮೇಲಿನ ಒಂದು ಪದಕ್ಕೆ ಎಷ್ಟು ತೂಕವಿದೆ ಎಂಬುದಕ್ಕೆ ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರವೇ ನಿದರ್ಶನ. ಡಾ. ಹೀರಾಲಾಲ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಹೊರತಂದಾಗ ಅವರಿಗೆ ದೊರೆತಿದ್ದವು ಪ್ರತಿಯ ಪ್ರತಿಗಳು ಮಾತ್ರ. ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವ ಈ ಸೂತ್ರದಲ್ಲಿ 'ಸಂಜದ' ಪದವು ಅವುಗಳಲ್ಲಿರಲಿಲ್ಲ. ಅರ್ಥವು ಅದನ್ನು ಅಪೇಕ್ಷಿಸುತ್ತದೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಮುಕ್ತಿಯ ಪ್ರಶ್ನೆಗೆ ತಾಗುವ ಪದವಾದುದರಿಂದ ವಿದ್ವಾಂಸರಲ್ಲಿ ತೀವ್ರ ವಾದ ನಡೆಯಿತು. ಮುಂದೆ ಮೂಡಬಿದಿರೆಯ ತಾಡಪತ್ರವನ್ನು ಪರಿಶೀಲಿಸಿದಾಗ ಆ ಪದ ಅಲ್ಲಿ ಇದ್ದಿತು. ಅದು ಭಾವಸ್ತ್ರೀಗೋ ದ್ರವ್ಯಸ್ತ್ರೀಗೋ ಎಂಬುದು ವ್ಯಾಖ್ಯಾನದ ವಿಚಾರ. ಪದದ ಅಸ್ತಿತ್ವವನ್ನು ಗರಿಯೇ ನಿರ್ಣಯಿಸಿತು. ಆ ಗರಿ ಮಾಸಿಹೋಗಿದ್ದರೆ ಸಂಪಾದಕರ ಸೂಚನೆ ಊಹೆಯಾಗಿಯೇ ಉಳಿಯುತ್ತಿತ್ತು.

ಮಾಸಿದ ಗರಿಯನ್ನು ಓದುವ ಉಪಾಯವೊಂದು ಕರ್ನಾಟಕದಲ್ಲಿಯೇ ಪರೀಕ್ಷಿತವಾಗಿದೆ. ಉಡುಪಿಯಲ್ಲಿ ರಕ್ಷಿತವಾದ, ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಪ್ರತಿಯಲ್ಲಿ 342 ಗರಿಗಳಿವೆ. ಒಂದೊಂದೂ 26 ಅಂಗುಲ ಉದ್ದ, 2 ಅಂಗುಲ ಅಗಲ. ವಯಸ್ಸಿನಿಂದಲೂ ಲೇಪಿಸಿದ ಎಣ್ಣೆಯಿಂದಲೂ ಅವು ದಟ್ಟ ಕಂದುಬಣ್ಣಕ್ಕೆ ತಿರುಗಿದ್ದವು. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡವು 2006ರ ವೇಳೆಗೆ ಇವುಗಳನ್ನು ಅವಕೆಂಪು ಕಿರಣಗಳಲ್ಲಿ ಚಿತ್ರೀಕರಿಸಿ, ಕಣ್ಣಿಗೆ ಮರೆಯಾಗಿದ್ದ ಬರೆಹವನ್ನು ಸ್ಫುಟಗೊಳಿಸಿತು.

ಇದರ ತತ್ತ್ವ ಸರಳವಾದುದು. ಕಾಡಿಗೆಯ ಮಸಿ ಇಂಗಾಲದ್ದು. ಕೆಂಪಿನಾಚೆಯ, ಕಣ್ಣಿಗೆ ಕಾಣದ ಈ ಕಿರಣವನ್ನು ಇಂಗಾಲವು ಹೀರಿಕೊಳ್ಳುತ್ತದೆ. ಕಂದಿದ ಗರಿಯಾದರೋ ಬಹುಮಟ್ಟಿಗೆ ಪ್ರತಿಫಲಿಸುತ್ತದೆ. ಆದ್ದರಿಂದ ಚಿತ್ರದಲ್ಲಿ ಗರಿ ಬೆಳ್ಳಗೂ ಅಕ್ಷರ ಕಪ್ಪಗೂ ತೋರುತ್ತವೆ. ಗರಿಯ ಚೂರನ್ನೂ ಕತ್ತರಿಸಬೇಕಾಗಿಲ್ಲ.

ಈ ವಿಧಾನಕ್ಕೆ ಮೇರೆಯೂ ಉಂಟು. ಮಸಿ ಪೂರ್ತಿ ಉದುರಿದೆಡೆ ಕಿರಣಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಕಂಟದಿಂದ ಕೊರೆದ ಓಲೆಯಲ್ಲಿ ಮಸಿ ಹೋದರೂ ಗೀರು ಉಳಿದಿರುತ್ತದೆ. ಅದಕ್ಕೆ ಓರೆಯಾಗಿ ಹಾಯಿಸಿದ ಬೆಳಕೇ ತಕ್ಕುದು. ಕಾಲನಿರ್ಣಯಕ್ಕಾಗಿ ಇಂಗಾಲ-14 ಪರೀಕ್ಷೆಯನ್ನು ಆಶ್ರಯಿಸಿದರೆ ಗರಿಯ ತುಣುಕನ್ನು ತೆರಬೇಕು. ಆಗಲೂ ತಿಳಿಯುವುದು ಗರಿ ಬೆಳೆದ ಕಾಲದ ಅಂದಾಜು ಮಾತ್ರ, ಲಿಪಿಕಾರನು ಬರೆದ ದಿನವಲ್ಲ. ಅದನ್ನು ಪ್ರಶಸ್ತಿಯೂ ಲಿಪಿಯೂ ಹೇಳಬೇಕು. ಪ್ರಯೋಗಶಾಲೆಯು ಅಕ್ಷರವನ್ನು ಕಾಣಿಸಬಲ್ಲದು. ಅದು 'ಸಂಜದ'ವೋ 'ಅಸಂಜದ'ವೋ ಎಂದು ಓದಿ, ಟೀಕೆಯೊಡನೆ ತೂಗಿ ಪಾಠವನ್ನು ನಿಲ್ಲಿಸುವ ಹೊಣೆ ಸಂಪಾದಕನದೇ.