ಲೊಕ್ಕಿಗುಂಡಿಯ ಇತಿಹಾಸ ಮತ್ತು ನಮ್ಮ ಹೊಣೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಷೇರು, ಠೇವಣಿ, ಸಾಲ, ವಸೂಲಿಯ ಲೆಕ್ಕವನ್ನು ಈ ಸಂಚಿಕೆಯ ಬೇರೆ ಪುಟಗಳಲ್ಲಿ ತಾವು ಓದುತ್ತೀರಿ. ಇಲ್ಲಿ ನಾವು ಇನ್ನೊಂದು ಆಸ್ತಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಅದು ಯಾರೊಬ್ಬರ ಉತಾರದಲ್ಲಿಯೂ ಇಲ್ಲ. ಆದರೆ ಲಕ್ಕುಂಡಿಯಲ್ಲಿ ಹುಟ್ಟಿದ ಎಲ್ಲರಿಗೂ ಅದರಲ್ಲಿ ಪಾಲು ಉಂಟು. ಅದೇ ನಮ್ಮ ಊರಿನ ಇತಿಹಾಸ.

"ನೂರೊಂದು ಗುಡಿ, ನೂರೊಂದು ಬಾವಿ" ಎಂದು ನಮ್ಮ ಹಿರಿಯರು ಊರಿನ ವರ್ಣನೆ ಮಾಡುತ್ತ ಬಂದಿದ್ದಾರೆ. ಎಣಿಸಿ ನೋಡಿದರೆ ಲೆಕ್ಕ ಕೂಡುತ್ತದೋ ಇಲ್ಲವೋ, ಆ ಮಾತಿನಲ್ಲಿ ಅಭಿಮಾನವಂತೂ ಇದೆ. ಶಾಸನಗಳಲ್ಲಿ ನಮ್ಮ ಊರಿನ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ದೊಡ್ಡ ಪಟ್ಟಣ. ಇಲ್ಲಿ ಟಂಕಸಾಲೆ ಇತ್ತು. "ಲೊಕ್ಕಿ ಗದ್ಯಾಣ" ಎಂಬ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಮುಂದೆ 1192ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನು ಇದನ್ನೇ ತನ್ನ ರಾಜಧಾನಿ ಮಾಡಿಕೊಂಡ. ಇಂದು ಗದಗಿನಿಂದ ಹನ್ನೆರಡು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಇಳಿಯುವವರಿಗೆ ಇದೊಂದು ಹಳ್ಳಿ. ಆದರೆ ಕಾಶಿ ವಿಶ್ವನಾಥನ ಗುಡಿಯ ಬಾಗಿಲ ಕೆತ್ತನೆ ಕಂಡವರು ಸುಮ್ಮನೆ ನಿಂತುಬಿಡುತ್ತಾರೆ. ಅಲ್ಲಿ ಶಿವನ ಗುಡಿ, ಸೂರ್ಯನ ಗುಡಿ ಒಂದಕ್ಕೊಂದು ಮುಖ ಮಾಡಿ ನಿಂತಿವೆ. ನನ್ನೇಶ್ವರ ಗುಡಿ, ಮಾಣಿಕೇಶ್ವರ ಗುಡಿ, ಅದರ ಮುಂದಿನ ಮುಸುಕಿನ ಬಾವಿ, ಕನ್ನೇರ ಬಾವಿ, ಛಬ್ಬೇರ ಬಾವಿ, ಇವೆಲ್ಲ ನಮಗೆ ದಿನಾ ಕಾಣುವಂಥವೇ. ದಿನಾ ಕಾಣುವುದರಿಂದಲೇ ನಾವು ನೋಡುವುದನ್ನು ಬಿಟ್ಟಿದ್ದೇವೆ.

ಈ ಊರಿನ ಹೆಸರು ಹೇಳಿದರೆ ಮೊದಲು ನೆನಪಾಗುವವಳು ದಾನಚಿಂತಾಮಣಿ ಅತ್ತಿಮಬ್ಬೆ. ಆಕೆ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಚಿಕ್ಕ ವಯಸ್ಸಿನಲ್ಲಿಯೇ ಗಂಡ ನಾಗದೇವನನ್ನು ಕಳೆದುಕೊಂಡ ಹೆಣ್ಣುಮಗಳು, ದುಃಖ ನುಂಗಿಕೊಂಡು ನಾಡಿಗೆ ಉಪಕಾರ ಮಾಡಿದಳು. ಕವಿ ರನ್ನ ಅಜಿತ ಪುರಾಣ ಬರೆದದ್ದು ಆಕೆಯ ಆಶ್ರಯದಲ್ಲಿ. ಬಸದಿಯನ್ನಂತೂ ಎಲ್ಲರೂ ಬಲ್ಲರು. ಆದರೆ ಆಕೆ ಮಾಡಿದ ಇನ್ನೊಂದು ಕೆಲಸವನ್ನು ನಾವು ಇಂದು ವಿಶೇಷವಾಗಿ ನೆನೆಯಬೇಕು. ತಂದೆ ಮಲ್ಲಪಯ್ಯ ಹಾಗೂ ಆತನ ಸಹೋದರ ಪುನ್ನಮಯ್ಯ ಪೊನ್ನ ಕವಿಯಿಂದ ಬರೆಸಿದ್ದ ಶಾಂತಿಪುರಾಣ ಎಲ್ಲಿ ಅಳಿದು ಹೋದೀತೋ ಎಂದು, ಅತ್ತಿಮಬ್ಬೆ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎನ್ನುತ್ತಾರೆ. ಅಚ್ಚಿನ ಯಂತ್ರ ಇಲ್ಲದ ಕಾಲ. ತಾಳೆಗರಿಯ ಮೇಲೆ ಒಂದೊಂದು ಅಕ್ಷರ ಕೈಯಿಂದಲೇ ಬರೆಯಬೇಕು. ಒಂದು ಕಡೆ ಇಟ್ಟದ್ದು ಹಾಳಾದೀತು, ನೂರು ಕಡೆ ಇಟ್ಟದ್ದು ಉಳಿದೀತು. ಸಾವಿರ ವರ್ಷದ ಹಿಂದೆ ನಮ್ಮ ಊರಿನ ತಾಯಿ ಇಷ್ಟು ತಿಳಿದಿದ್ದಳು.

ನಮ್ಮ ಕಾಲಕ್ಕೆ ಬರೋಣ. ಇಲ್ಲಿನ ಗುಡಿಗಳ ಬಗ್ಗೆ ಹೆನ್ರಿ ಕಸಿನ್ಸ್ ಎಂಬ ವಿದ್ವಾಂಸರು 1926ರಲ್ಲಿಯೇ ಗ್ರಂಥದಲ್ಲಿ ಬರೆದರು. ಮುಖ್ಯ ಗುಡಿಗಳನ್ನು ಸರಕಾರ ರಕ್ಷಣೆಗೆ ತೆಗೆದುಕೊಂಡಿದೆ, ಊರಲ್ಲೇ ಶಿಲ್ಪಗಳ ವಸ್ತುಸಂಗ್ರಹಾಲಯ ಇದೆ. 2024ರ ನವೆಂಬರಿನಲ್ಲಿ ಊರೊಳಗೆ ಚದುರಿಬಿದ್ದ ಪ್ರಾಚ್ಯ ಅವಶೇಷಗಳನ್ನು ಹುಡುಕಿ ಒಂದೆಡೆ ತರುವ ಕೆಲಸ ನಡೆಯಿತು. 2025ರಲ್ಲಿ ಉತ್ಖನನಕ್ಕೂ ಚಾಲನೆ ಸಿಕ್ಕಿತು. ಇದೆಲ್ಲ ಸಂತೋಷದ ಸಂಗತಿ.

ಆದರೆ ಇಲ್ಲಿ ಬದುಕುವವರ ಕಷ್ಟವನ್ನೂ ಹೇಳದಿದ್ದರೆ ಬರೆದದ್ದು ಅರ್ಧ ಆದೀತು. 1958ರ ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರಿನಲ್ಲಿ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಬಯಲಲ್ಲಿರುವ ಗುಡಿಗೆ ಇದು ಸರಿ. ಓಣಿಗೊಂದು ಗುಡಿ ಇರುವ ಊರಲ್ಲಿ ಏನಾಗಬೇಕು? ಅಣ್ಣತಮ್ಮಂದಿರು ಬೇರೆಯಾದರು, ಮಗನ ಮದುವೆ ಆಯಿತು, ಒಂದು ಖೋಲಿ ಬೇಕು, ಅದಕ್ಕೂ ಅಡ್ಡಿ. "ಗುಡಿ ಉಳೀಬೇಕು ಖರೆ, ನಾವೂ ಇರಬೇಕಲ್ಲರೀ" ಎಂದು ನಮ್ಮವರು ಕೇಳಿದರೆ ಅದರಲ್ಲಿ ತಪ್ಪೇನಿದೆ? ಕಾಯ್ದೆ ಮಾಡಿದವರು ಈ ಮಾತಿಗೂ ಕಿವಿಗೊಡಬೇಕು. ಅದೇ ಹೊತ್ತಿಗೆ ನಾವೂ ಒಂದು ತಿಳಿಯಬೇಕು. ಹಳೇ ಮನೆಯ ದುರಸ್ತಿಗೆ ಬಾಗಿಲು ಮುಚ್ಚಿಲ್ಲ, ಅರ್ಜಿ ಹಾಕಿ ಅನುಮತಿ ಪಡೆಯಬಹುದು. ತಿಳಿಯದೆ ಕಟ್ಟಿ, ಆಮೇಲೆ ನೋಟೀಸು ಬಂದಾಗ ಸಾಲವೂ ಮೈಮೇಲೆ, ಗೋಡೆಯೂ ಅರ್ಧ ಎಂಬಂತೆ ಆಗಬಾರದು.

ಸರಕಾರದ ಫಲಕ ಇಲ್ಲದ ಹಳೆಯ ವಸ್ತುಗಳ ಗತಿ ಇನ್ನೂ ಕೆಟ್ಟದ್ದು. ದೊಡ್ಡ ತೊಲೆಯ ಮೇಲ್ಮುದ್ದಿ ಮನೆಗಳು, ಕಟ್ಟೆಗಳು, ಗರಡಿಮನೆ, ಹಗೇವು, ಹೊಲದ ಬದಿಯ ವೀರಗಲ್ಲು, ಇವನ್ನು ಕಾಯಲು ಯಾವ ನೌಕರನೂ ಬರುವುದಿಲ್ಲ. ಅಕ್ಷರ ಇರುವ ಕಲ್ಲು ಒಗೆಯುವ ಕಲ್ಲಾದರೆ ಹತ್ತು ವರ್ಷದಲ್ಲಿ ಅಕ್ಷರ ಸವೆದು ಹೋಗುತ್ತವೆ. ಪಾವಟಿಗೆ ಇರುವ ಬಾವಿಗೆ ಕಸ ಸುರಿದರೆ ನೀರೂ ಹೋಯಿತು, ಬಾವಿಯೂ ಹೋಯಿತು. ಶಾಸನ ಎಂದರೆ ಬೇರೇನಲ್ಲ, ಯಾರು ಯಾವ ಭೂಮಿಯನ್ನು ಯಾವ ಕೆಲಸಕ್ಕೆ ಕೊಟ್ಟರು, ಯಾರ ಸಾಕ್ಷಿ ಎಂಬ ಊರಿನ ಲೆಕ್ಕಪತ್ರ. ಸಂಘದ ವಹಿ ಹರಿದರೆ ನಾವು ಸುಮ್ಮನಿರುತ್ತೇವೆಯೇ?

ಸಹಕಾರಿಗಳಾದ ನಮಗೆ ಈ ಕೆಲಸ ಹೊರಗಿನದಲ್ಲ. ದೇಶದ ಮೊದಲ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಅದನ್ನು ಕಟ್ಟಿದರು. ಒಬ್ಬನಿಂದ ಆಗದ್ದು ಹತ್ತು ಜನರಿಂದ ಆಗುತ್ತದೆ ಎಂಬುದು ಅವರ ದಾರಿ. ಆ ದಾರಿಯಲ್ಲಿ ನಾವು ಮಾಡಬಹುದಾದ ಕೆಲಸ ಇಷ್ಟು:

ಒಂದು, ಊರಿನ ಪ್ರತಿ ಗುಡಿ, ಬಾವಿ, ಶಾಸನ, ವೀರಗಲ್ಲು, ಹಳೇ ಮನೆಯ ಫೋಟೋ ತೆಗೆದು, ಅದು ಎಲ್ಲಿದೆ ಎಂದು ಬರೆದು ಒಂದು ವಹಿ ಮಾಡುವುದು. ಹೊಲಗಳ ಹೆಸರು, ಓಣಿಗಳ ಹೆಸರು, ಹಿರಿಯರು ಹೇಳುವ ಸಂಗತಿಗಳನ್ನೂ ಅದರಲ್ಲಿ ಸೇರಿಸುವುದು. ಅದರ ಪ್ರತಿಗಳನ್ನು ಸಂಘ, ಪಂಚಾಯ್ತಿ, ಶಾಲೆ, ಗ್ರಂಥಾಲಯಗಳಲ್ಲಿ ಇಡುವುದು.

ಎರಡು, ಮನೆ ದುರಸ್ತಿಗೆ ಸಾಲ ಕೇಳಿ ಬಂದ ಸದಸ್ಯರಿಗೆ ಸ್ಮಾರಕದಿಂದ ಮನೆ ಎಷ್ಟು ದೂರ ಎಂದು ಮೊದಲೇ ತಿಳಿಸಿ, ಅನುಮತಿಯ ಅರ್ಜಿ ಬರೆಯಲು ಸಂಘದ ಕಚೇರಿಯಲ್ಲೇ ನೆರವಾಗುವುದು.

ಮೂರು, ಪಾಯ ತೋಡುವಾಗ, ಉಳುವಾಗ ಏನಾದರೂ ಸಿಕ್ಕರೆ ಮುಚ್ಚಿಡದೆ, ಮಾರದೆ ಸರಕಾರಕ್ಕೆ ತಿಳಿಸುವುದು. 1962ರ ನಿಧಿ ಕಾಯ್ದೆಯೂ ಇದನ್ನೇ ಹೇಳುತ್ತದೆ.

ನಾಲ್ಕು, ವರ್ಷಕ್ಕೊಮ್ಮೆ ಶಾಲೆಯ ಮಕ್ಕಳೊಂದಿಗೆ ಒಂದು ಬಾವಿಯನ್ನು ಆರಿಸಿಕೊಂಡು, ಅದರ ಸುತ್ತಲಿನ ಕಸ ತೆಗೆಯುವುದು. ಗುಡಿಯ ಕಲ್ಲಿಗೆ ಸುಣ್ಣಬಣ್ಣ ಬಳಿಯುವ ಉಪಕಾರವನ್ನು ಮಾತ್ರ ಯಾರೂ ಮಾಡಬಾರದು. ಬಳಪದ ಕಲ್ಲಿನ ನಯವಾದ ಕೆತ್ತನೆ ಬಣ್ಣದ ಕೆಳಗೆ ಮುಚ್ಚಿ ಹೋಗುತ್ತದೆ.

ಇದಕ್ಕೆ ದೊಡ್ಡ ಹಣ ಬೇಡ. ಬೇಕಾದದ್ದು ಊರವರ ಮನಸ್ಸು, ಹಿರಿಯರ ನೆನಪು, ಹುಡುಗರ ಕೈಯಲ್ಲಿರುವ ಮೊಬೈಲು. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು, ಅದಕ್ಕೆ ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ. ಇನ್ನು ಇಪ್ಪತ್ತೈದು ವರ್ಷಕ್ಕೆ ಸಂಘದ ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವವರಿಗೆ ಆ ವಹಿ ಕೈಗೆ ಸಿಗಲಿ, ಅದರಲ್ಲಿ ಬರೆದ ಒಂದೊಂದು ಕಲ್ಲೂ ಅದೇ ಜಾಗದಲ್ಲಿ ಇರಲಿ ಎಂದು ಹಾರೈಸುತ್ತೇವೆ.