ಗುರುಪೀಠದ ಧೈರ್ಯ ಮತ್ತು ಪಾಲಕರ ನಂಬುಗೆ

ಶಾಲೆಯ ಮುಖ್ಯಸ್ಥರ ಆತ್ಮವಿಶ್ವಾಸಕ್ಕೆ ಮೂಲವೆಲ್ಲಿ? ಪದವಿಯಲ್ಲೋ, ಧರ್ಮಾಧಿಕಾರದಲ್ಲೋ, ಪಾಲಕರ ನಂಬುಗೆಯಲ್ಲೋ? ಆಸ್ಟ್ರೇಲಿಯದ ಕೆಥೋಲಿಕ ಶಾಲೆಗಳ ಚರಿತ್ರೆಯನ್ನು ಅವಲೋಕಿಸಿದರೆ ಈ ಪ್ರಶ್ನೆಗೆ ತಕ್ಕಮಟ್ಟಿನ ಉತ್ತರ ದೊರೆಯುತ್ತದೆ.

ನ್ಯೂ ಸೌತ್ ವೇಲ್ಸ್ ಪ್ರಾಂತದ 1880ರ ಶಿಕ್ಷಣ ಕಾಯಿದೆಯ ಫಲವಾಗಿ, 1882ರ ಕೊನೆಗೆ ಚರ್ಚಿನ ಶಾಲೆಗಳಿಗೆ ಬರುತ್ತಿದ್ದ ಸರಕಾರಿ ಧನಸಹಾಯ ನಿಂತುಹೋಯಿತು. ಸಂಬಳಕ್ಕೆ ಹಣವಿಲ್ಲದ ಬಿಷಪರು ಸಂನ್ಯಾಸಿನಿಯರ ದುಡಿಮೆಯನ್ನು ನೆಮ್ಮಿದರು. ಮಕ್ಕಳನ್ನು ಕೆಥೋಲಿಕ ಶಾಲೆಗೇ ಕಳುಹಿಸುವುದು ಪಾಲಕರ ಧರ್ಮವೆಂದು ಸಾರಿದರು. ಇಂಥ ವ್ಯವಸ್ಥೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದ ಸಂನ್ಯಾಸಿನಿಯು ಪಾಲಕರ ಮುಂದೆ ಅಳುಕಬೇಕಾದ ಕಾರಣವಿರಲಿಲ್ಲ. ಆಕೆಯ ಮಾತಿಗೆ ಆಕೆಯ ಉಡುಪೇ ಪ್ರಮಾಣ. ಪಾಲಕರು ಶುಲ್ಕ ತೆರುವವರು, ಕಟ್ಟಡಕ್ಕೆ ವಂತಿಗೆ ಕೂಡಿಸುವವರು, ಪ್ರಶ್ನಿಸುವವರಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಯುರೋಪಿನಿಂದ ವಲಸೆ ಬಂದ ಕುಟುಂಬಗಳ ಮಕ್ಕಳೂ ಸೇರಿ ತರಗತಿಗಳು ಕಿಕ್ಕಿರಿದವು. ಈ ಇಕ್ಕಟ್ಟು 1962ರಲ್ಲಿ ಅದೇ ಪ್ರಾಂತದ ಗೋಲ್‌ಬರ್ನ್ ಪಟ್ಟಣದಲ್ಲಿ ಬಯಲಿಗೆ ಬಂತು. ಸಂನ್ಯಾಸಿನಿಯರು ನಡೆಸುತ್ತಿದ್ದ ಪ್ರಾಥಮಿಕ ಶಾಲೆಯೊಂದಕ್ಕೆ ಇನ್ನೂ ಮೂರು ಶೌಚಾಲಯಗಳನ್ನು ಕಟ್ಟಿಸಬೇಕೆಂದು ಸರಕಾರ ಪಟ್ಟುಹಿಡಿಯಿತು. ಅದಕ್ಕೆ ಹಣ ಕೊಡಲು ಮಾತ್ರ ಒಪ್ಪಲಿಲ್ಲ. ಸುಮಾರು 700 ಮಂದಿ ಸೇರಿದ ಸಭೆಯು, ಪಟ್ಟಣದ ಕೆಥೋಲಿಕ ಶಾಲೆಗಳನ್ನು ಮುಚ್ಚಿ ಮಕ್ಕಳನ್ನು ಸರಕಾರಿ ಶಾಲೆಗಳಿಗೆ ಕಳುಹಿಸಬೇಕೆಂದು ಬಹುಮತದಿಂದ ನಿರ್ಣಯಿಸಿತು. ಜುಲೈ 16ರಂದು ಆ ಶಾಲೆಗಳ ವಿದ್ಯಾರ್ಥಿಗಳು ಪ್ರವೇಶ ಕೇಳಿದರು. 640 ಮಂದಿಗೆ ಮಾತ್ರ ಸ್ಥಳ ದೊರೆಯಿತು. ಒಂದು ವಾರದಲ್ಲಿ ಮುಷ್ಕರ ಮುಗಿದು ಮಕ್ಕಳು ತಮ್ಮ ಶಾಲೆಗೆ ಮರಳಿದರು. ಕೈಗೆ ಕಾಸು ಬರಲಿಲ್ಲ. ಆದರೂ ಪ್ರಶ್ನೆ ರಾಷ್ಟ್ರದ್ದಾಯಿತು. 1963ರ ಚುನಾವಣೆಯಲ್ಲಿ ಪ್ರಧಾನಿ ಮೆನ್‌ಜೀಸ್ ಅವರು ಖಾಸಗಿ ಶಾಲೆಗಳ ವಿಜ್ಞಾನ ಪ್ರಯೋಗಶಾಲೆಗಳಿಗೂ ನೆರವಿನ ವಾಗ್ದಾನ ಮಾಡಿದರು.

ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಧರ್ಮಾಧಿಕಾರಿಗಳು ಮುಂದಾಳುಗಳಾಗಿದ್ದರೂ ಅವರ ಮಾತಿಗೆ ಬಲ ಬಂದುದು ಪಾಲಕರು ಒಪ್ಪಿ ಮಕ್ಕಳನ್ನು ಕರೆದುಕೊಂಡು ಹೊರಟಾಗ. ಅಲ್ಲಿಯವರೆಗೆ ಆಜ್ಞೆ ಕೇಳುತ್ತಿದ್ದವರು ಅಂದು ಆಧಾರಸ್ತಂಭವಾದರು. ಮಕ್ಕಳಿಗೆ ತಂದೆತಾಯಿಗಳೇ ಮೊದಲ ಗುರುಗಳೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಒತ್ತಿ ಹೇಳಿತು. ಅಧ್ಯಾಪಕರೂ ಪಾಲಕರೂ ಕೂಡಿ ನಡೆಯಬೇಕೆಂಬುದು 1983ರ ಚರ್ಚ್ ಸಂಹಿತೆಯಲ್ಲಿ ವಿಧಿಯೇ ಆಯಿತು.

ಈ ನಡುವೆ ಸಂನ್ಯಾಸಿನಿಯರ ಸಂಖ್ಯೆ ಇಳಿದು, ಗೃಹಸ್ಥರು ಪ್ರಾಂಶುಪಾಲರಾದರು. ಉಡುಪಿನ ಪ್ರಮಾಣ ಅವರಿಗಿಲ್ಲ. ಪ್ರತಿಯೊಂದು ನಿರ್ಧಾರಕ್ಕೂ ಪಾಲಕರೆದುರು ಕಾರಣ ಹೇಳಬೇಕು. ಇದು ಅಧಿಕಾರದ ಹಾನಿಯೆಂದು ಕೆಲವರು ಮರುಗಬಹುದು. ಲೆಕ್ಕಪತ್ರದ ವೃತ್ತಿಯವನಾದ ನನಗೆ ಹಾಗೆ ತೋರುವುದಿಲ್ಲ. ಪಿತ್ರಾರ್ಜಿತವಾಗಿ ಬಂದ ಗಂಟು ಎಂದಾದರೊಮ್ಮೆ ಕರಗುತ್ತದೆ. ದಿನದಿನವೂ ಜಮೆಯಾಗುವ ನಂಬುಗೆಯೇ ಇಕ್ಕಟ್ಟಿನ ದಿನ ಕೈಹಿಡಿಯುತ್ತದೆ. ಹೊರನಾಡಿನಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿ, ಪಾಲಕರನ್ನು ವಂತಿಗೆಯ ವೇಳೆಗೆ ಮಾತ್ರ ನೆನೆಯುವ ನಾವೂ ಇದನ್ನು ವಿಚಾರಿಸತಕ್ಕದ್ದು.